ಬೀದರ್–ಕಲಬುರಗಿ–ಯಾದಗಿರಿ: ಮುಂಜಾನೆ ಹೋಗಿ ಸಂಜೆ ಮನೆಗೆ ಬರುವ ಗಾಡಿ ಬೇಕು

ಹುಮನಾಬಾದ್ ಅಪ್‌ಡೌನ್

ಎಲ್ಲರಿಗೂ ನಮಸ್ಕಾರ. ನಾನು ಹುಮನಾಬಾದಿನವನು, ಕಲಬುರಗಿಯಲ್ಲಿ ಕೆಲಸ. ವಾರಕ್ಕೆ ಆರು ದಿನ ಅಪ್-ಡೌನ್ ಮಾಡುತ್ತೇನೆ. ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ, ಇವತ್ತು ಕೂತೆ.

ಬೀದರ್–ಕಲಬುರಗಿ ರೈಲು ಮಾರ್ಗ ಮಂಜೂರಾದಾಗ ನಾನು ಏಳನೇ ಕ್ಲಾಸ್. ಮನೆಯಲ್ಲಿ ಅಪ್ಪ ಪೇಪರ್ ಹಿಡಿದುಕೊಂಡು ಜೋರಾಗಿ ಓದಿದ್ದು ಈಗಲೂ ನೆನಪಿದೆ. 2017ರ ಅಕ್ಟೋಬರ್ 29ರಂದು ಬೀದರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಈ ಮಾರ್ಗಕ್ಕೆ ಚಾಲನೆ ಕೊಟ್ಟಾಗ ನನ್ನ ಮಗ ಒಂದನೇ ಕ್ಲಾಸ್. ನಡುವೆ ಸುಮಾರು 20 ವರ್ಷ. ಬರೀ 110 ಕಿಲೋಮೀಟರ್ ದಾರಿ. ಅದಕ್ಕೂ ಮುಂಚೆ ಬೀದರ್‌ನಿಂದ ಕಲಬುರಗಿಗೆ ರೈಲಿನಲ್ಲಿ ಹೋಗಬೇಕು ಅಂದರೆ ವಿಕಾರಾಬಾದ್, ತಾಂಡೂರು, ವಾಡಿ ಅಂತ ತೆಲಂಗಾಣ ಸುತ್ತಿ ಬರಬೇಕಿತ್ತು. ದೂರ ಎರಡು ಪಟ್ಟಿಗೂ ಜಾಸ್ತಿ.

ಈಗ ಹಳಿ ಬಂದಿದೆ, ಗಾಡಿಗಳೂ ಓಡಾಡುತ್ತವೆ. ಅದನ್ನು ಇಲ್ಲ ಅನ್ನುತ್ತಿಲ್ಲ. ಆದರೆ ನನ್ನ ಕೆಲಸದ ಹೊತ್ತಿಗೆ ಹೊಂದುವ ಗಾಡಿಯಲ್ಲಿ ಹೋಗಿ, ಅಂಥದ್ದೇ ಗಾಡಿಯಲ್ಲಿ ಸಂಜೆ ಮನೆಗೆ ಬರುವುದು ಇವತ್ತಿಗೂ ನನಗೆ ಆಗಿಲ್ಲ. ಹೋಗುವಾಗ ಒಂದು, ಬರುವಾಗ ಇನ್ನೊಂದು. ಅರ್ಧ ರೈಲು, ಅರ್ಧ ಬಸ್. ಹೀಗಾದರೆ ಪಾಸ್ ತೆಗೆಸಿ ಏನು ಉಪಯೋಗ? ಎರಡೂ ಕಡೆ ಹೊಂದಿದರೆ ಮಾತ್ರ ತಿಂಗಳ ಪಾಸ್‌ನ ರೊಕ್ಕ ದಕ್ಕುತ್ತದೆ.

ನಾನು ಕೇಳುವುದು ಒಂದೇ. ಬೀದರ್, ಕಲಬುರಗಿ, ಯಾದಗಿರಿ ಮೂರನ್ನೂ ಜೋಡಿಸುವ, ಎಲ್ಲ ಸಣ್ಣ ಠೇಸಣಗಳಲ್ಲೂ ನಿಲ್ಲುವ ಒಂದು ಪ್ಯಾಸೆಂಜರ್. ಆಫೀಸು, ಕಾಲೇಜು, ಕೋರ್ಟು, ದವಾಖಾನೆ ತೆರೆಯುವ ಮುಂಚೆ ಕಲಬುರಗಿ ಮುಟ್ಟಬೇಕು, ಅವು ಮುಚ್ಚಿದ ಮೇಲೆ ಕಲಬುರಗಿ ಬಿಡಬೇಕು. ಹೊಸ ಹಳಿ ಹಾಕುವುದು ಬೇಡ. ನೀವೆಲ್ಲ ಏನು ಅನ್ನುತ್ತೀರಿ? ನಿಮ್ಮ ಊರಿನ ಕಡೆಯ ಅನುಭವ ಬರೆಯಿರಿ.

ಹಳಿ ಪಕ್ಕದ ಮನೆ

ನಮ್ಮದು ವಾಡಿ–ಯಾದಗಿರಿ ನಡುವಿನ ಒಂದು ಸಣ್ಣ ಠೇಸಣ. ಹೆಸರು ಬೇಡ ಬಿಡಿ, ಇಂಥ ಠೇಸಣಗಳ ಕಥೆ ಎಲ್ಲ ಒಂದೇ.

2020ರ ಮಾರ್ಚ್‌ನಲ್ಲಿ ದೇಶದ ಎಲ್ಲ ಪ್ರಯಾಣಿಕರ ರೈಲು ನಿಂತವು. ಅವತ್ತು ರಾತ್ರಿ ನಮ್ಮೂರು ಎಷ್ಟು ಮೌನವಾಗಿತ್ತು ಅಂತ ಹೇಳಲು ಆಗುವುದಿಲ್ಲ. ಹುಟ್ಟಿದಾಗಿನಿಂದ ಆ ಸದ್ದು ಕೇಳಿಯೇ ನಿದ್ದೆ ಮಾಡಿದವರು ನಾವು. ಆಮೇಲೆ ಎಕ್ಸ್‌ಪ್ರೆಸ್ ಬಂದವು. ಪ್ಯಾಸೆಂಜರ್ ಎಲ್ಲಕ್ಕಿಂತ ಕೊನೆಗೆ ಬಂತು, ಅದೂ ಎಕ್ಸ್‌ಪ್ರೆಸ್ ಸ್ಪೆಷಲ್ ಅಂತ ಹೆಸರು ಬದಲಿಸಿಕೊಂಡು. ಕನಿಷ್ಠ ಟಿಕೆಟ್ 10 ರೂಪಾಯಿ ಇದ್ದದ್ದು 30 ಆಯಿತು. 2024ರ ಫೆಬ್ರವರಿ ಕೊನೆಗೆ ಅದನ್ನು ಮತ್ತೆ 10ಕ್ಕೆ ಇಳಿಸಿದರು. ಆದರೆ ಆ ನಡುವಿನ ವರ್ಷಗಳಲ್ಲಿ ಜನ ರೈಲಿನ ರೂಢಿ ಬಿಟ್ಟರು.

ನಮ್ಮ ಅವ್ವ ಬದನೆಕಾಯಿ, ಸೊಪ್ಪು ಬುಟ್ಟಿ ಕಟ್ಟಿಕೊಂಡು ಮುಂಜಾನೆ ಗಾಡಿಗೆ ಹೋಗಿ, ಮಾರಿ, ಮಧ್ಯಾಹ್ನಕ್ಕೆ ಬರುತ್ತಿದ್ದಳು. 30 ರೂಪಾಯಿ ಆದ ಮೇಲೆ ಹೋಗಿ ಬರಲಿಕ್ಕೇ 60. ಬುಟ್ಟಿಯಲ್ಲಿ ಉಳಿಯುವುದೇ ನೂರೈವತ್ತು ಇನ್ನೂರು. ಅವಳು ಬಿಟ್ಟಳು. ಈಗ ದರ ಇಳಿದಿದೆ, ಆದರೆ ಅವಳಿಗೆ ಹೊಂದುವ ಹೊತ್ತಿನ ಗಾಡಿ ಮತ್ತೆ ಸಿಗಲಿಲ್ಲ. ರಸ್ತೆವರೆಗೆ ನಡೆದು, ಟಂಟಂ ಆಟೋದಲ್ಲಿ ಒತ್ತಿಕೊಂಡು ಕೂತು ಹೋಗುವ ವಯಸ್ಸೂ ಅಲ್ಲ.

ನಿಮ್ಮ ಬೇಡಿಕೆಗೆ ನನ್ನ ಪೂರ್ತಿ ಒಪ್ಪಿಗೆ ಇದೆ. "ಸಣ್ಣ ಠೇಸಣಗಳಲ್ಲೂ ನಿಲ್ಲುವ" ಅನ್ನುವ ಮಾತನ್ನು ಮಾತ್ರ ಯಾರು ಹೇಳಿದರೂ ತೆಗೆಯಬೇಡಿ.

ಕೋಟೆ ಬೀದರ್

ಬೇಜಾರು ಮಾಡಿಕೊಳ್ಳಬೇಡಿ, ನನ್ನ ಅನುಮಾನ ಹೇಳಿಬಿಡುತ್ತೇನೆ.

ಬೀದರ್ ಜನ ನಿಜವಾಗಿ ಕಲಬುರಗಿಗೆ ಎಷ್ಟು ಹೋಗುತ್ತಾರೆ? ನಮ್ಮ ಮನೆಯಲ್ಲೇ ನೋಡಿ. ಜಡ್ಡಾದರೆ ಹೈದರಾಬಾದ್, ಮದುವೆ ಬಟ್ಟೆಗೆ ಹೈದರಾಬಾದ್, ಮಕ್ಕಳ ಕೋಚಿಂಗಿಗೂ ಹೈದರಾಬಾದ್. ಇದು ಇವತ್ತಿನ ರೂಢಿ ಅಲ್ಲ. ನಿಜಾಮರ ಕಾಲದಲ್ಲಿ ಹಾಕಿದ ರೈಲು ಎಲ್ಲ ರಾಜಧಾನಿ ಕಡೆಗೇ ಮುಖ ಮಾಡಿದ್ದವು. ವಾಡಿ–ಸಿಕಂದರಾಬಾದ್ ಮಾರ್ಗ ಶುರುವಾದದ್ದು 1874ರಲ್ಲಿ. ಬೀದರ್–ಕಲಬುರಗಿ ನೇರ ಮಾರ್ಗ 2017ರಲ್ಲಿ. ಅಷ್ಟು ವರ್ಷದ ರೂಢಿ ಒಂದು ಪ್ಯಾಸೆಂಜರ್ ಗಾಡಿಯಿಂದ ಬದಲಾಗುತ್ತದಾ?

ಇನ್ನೊಂದು, ರಸ್ತೆ ಈಗ ಚೆನ್ನಾಗಿದೆ. ಹುಮನಾಬಾದ್ ಮೇಲೆ ರಾಷ್ಟ್ರೀಯ ಹೆದ್ದಾರಿ 50. ಬಸ್ಸು ಒಂದರ ಹಿಂದೆ ಒಂದು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಪುಕ್ಕಟೆ. ರೈಲು ಬಂದರೆ ಯಾರು ಹತ್ತುತ್ತಾರೆ? ನಾನು ಒಂದೆರಡು ಸಲ ಹೋದಾಗ ಡಬ್ಬಿಯಲ್ಲಿ ಬೆರಳೆಣಿಕೆ ಜನ. ಖಾಲಿ ಗಾಡಿ ಓಡಿಸಿ ಅಂತ ರೈಲ್ವೆಗೆ ಹೇಳಿದರೆ ಅವರು ಕೇಳುತ್ತಾರಾ?

ಹುಮನಾಬಾದ್ ಅಪ್‌ಡೌನ್

ಕೋಟೆ ಬೀದರ್ ಅವರೆ, ನಿಮ್ಮ ಪ್ರಶ್ನೆ ಸರಿಯಾದದ್ದು. ಇದಕ್ಕೆ ಉತ್ತರ ಇಲ್ಲದೆ ನಾವು ಯಾರ ಮುಂದೂ ಹೋಗಬಾರದು.

ನೀವು ಹತ್ತಿದ ಗಾಡಿ ಯಾವ ಹೊತ್ತಿನದು? ನಾನೂ ಖಾಲಿ ಡಬ್ಬಿ ನೋಡಿದ್ದೇನೆ, ನಡು ಮಧ್ಯಾಹ್ನ. ಆ ಹೊತ್ತಿಗೆ ಹುಮನಾಬಾದ್ ಬಸ್ ಸ್ಟ್ಯಾಂಡೂ ಖಾಲಿ ಇರುತ್ತದೆ. ಮುಂಜಾನೆ 7 ಗಂಟೆಗೆ ಅದೇ ಬಸ್ ಸ್ಟ್ಯಾಂಡಿಗೆ ಬಂದು ನೋಡಿ. ಕಲಬುರಗಿ ಬಸ್ಸಿನ ಬಾಗಿಲಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಾಸ್ತರರು, ಬ್ಯಾಂಕಿನವರು, ನರ್ಸಿಂಗ್ ಓದುವ ಹುಡುಗಿಯರು, ಕೋರ್ಟಿಗೆ ಹೋಗುವವರು, ಎಲ್ಲರೂ ಇರುತ್ತಾರೆ. ಕಮಲಾಪುರದವರೆಗೆ ನಿಂತೇ ಹೋಗಿದ್ದು ನನಗೆ ಲೆಕ್ಕ ಇಲ್ಲ.

ಬೀದರ್ ಊರಿನಿಂದ ಜನ ಕಡಿಮೆ ಇರಬಹುದು, ಒಪ್ಪುತ್ತೇನೆ. ಹುಮನಾಬಾದ್‌ನಿಂದ ಈಚೆಗೆ ಎಲ್ಲರೂ ಕಲಬುರಗಿಗೇ ಬರುವವರು. ಈ ಹಳಿಯ ಅರ್ಧ ಭಾಗ ಅದೇ ಅಲ್ವಾ?

ತಾಯಿಯ ಜೊತೆ

ಶಕ್ತಿ ಯೋಜನೆ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಾನು ಬೀದರ್‌ನವಳು. ಆ ಪುಕ್ಕಟೆ ಬಸ್ಸಿನಿಂದ ನನಗೆ ಬಹಳ ಉಪಯೋಗ ಆಗಿದೆ. ಅದನ್ನು ಯಾರೂ ಕಡಿಮೆ ಮಾಡಿ ಮಾತಾಡಬೇಡಿ.

ಹೋದ ವರ್ಷ ನಮ್ಮ ತಾಯಿಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಘಟಕ ಇರುವುದರಿಂದ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವುದು ತಪ್ಪಿತು. ಅಷ್ಟು ದೊಡ್ಡ ಖರ್ಚು ನಮ್ಮಿಂದ ಆಗುತ್ತಿರಲಿಲ್ಲ. ಆದರೆ ಚಿಕಿತ್ಸೆ ಮುಗಿಸಿದ ದಿನ ಅವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬರುವುದು ಹೇಗಿತ್ತು ಅಂತ ನನಗೆ ಗೊತ್ತು. ವಾಂತಿ ಬರುತ್ತದೆ. ಮಲಗಬೇಕು ಅನ್ನುತ್ತಾರೆ. ಶೌಚಕ್ಕೆ ಹೋಗಬೇಕು ಅಂದರೆ ಬಸ್ ಎಲ್ಲಿ ನಿಲ್ಲಿಸುವುದು? ಒಂದು ಸಲ ಕಮಲಾಪುರದ ಹತ್ತಿರ ಡ್ರೈವರಣ್ಣ ಪಾಪ ನಿಲ್ಲಿಸಿದರು. ಬಸ್ಸಿನ ಐವತ್ತು ಜನ ನೋಡುತ್ತಾ ಕೂತಿದ್ದರು. ಅಮ್ಮ ಮನೆಗೆ ಬಂದು ಅತ್ತರು. ಕಾಯಿಲೆಗೆ ಅಷ್ಟು ಅತ್ತಿರಲಿಲ್ಲ.

ಒಂದೇ ಒಂದು ದಿನ ರೈಲಿನ ಹೊತ್ತು ಹೊಂದಿತು. ಅವತ್ತು ಎದುರು ಸೀಟಿನ ಮೇಲೆ ಕಾಲು ಚಾಚಿಕೊಂಡು ಬಂದರು. ಕಮಲಾಪುರದ ಆಚೆ ಸುರಂಗ ಬಂದಾಗ ಮಕ್ಕಳ ಹಾಗೆ ಕಿಟಕಿ ಹತ್ತಿರ ಸರಿದು ಕೂತರು. ಟಿಕೆಟ್ ರೊಕ್ಕ ಕೊಟ್ಟದ್ದು ನನಗೆ ಭಾರ ಅನಿಸಲಿಲ್ಲ.

ಪುಕ್ಕಟೆ ಬಸ್ ಇದ್ದರೂ ರೈಲು ಬೇಕಾಗುವ ಜನ ಇದ್ದಾರೆ. ರೋಗಿಗಳು, ಬಸುರಿಯರು, ವಯಸ್ಸಾದವರು. ಜಯದೇವ ಹೃದ್ರೋಗ ಆಸ್ಪತ್ರೆಯೂ ಈಗ ಕಲಬುರಗಿಯಲ್ಲಿ 371 ಹಾಸಿಗೆಯ ದೊಡ್ಡ ಕಟ್ಟಡದಲ್ಲಿದೆ. ಅಲ್ಲಿಗೆ ಬರುವವರೂ ಹೀಗೇ ಬರಬೇಕು. ನೀವು ಮನವಿ ಬರೆದರೆ, ಪ್ರತಿ ಡಬ್ಬಿಯಲ್ಲೂ ಶೌಚಾಲಯ ಇರುವ ರೇಕ್ (ಡಬ್ಬಿಗಳ ಸೆಟ್) ಕೊಡಿ ಅಂತ ಒಂದು ಸಾಲು ಸೇರಿಸಿ. ದಯವಿಟ್ಟು.

ಕೋಟೆ ಬೀದರ್

ಅಕ್ಕಾ, ಇದನ್ನು ನಾನು ಯೋಚನೆ ಮಾಡಿರಲಿಲ್ಲ. ತಾಯಿಯವರು ಈಗ ಹೇಗಿದ್ದಾರೆ?

ತಾಯಿಯ ಜೊತೆ

ಈಗ ಆರಾಮ ಇದ್ದಾರೆ. ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರಬೇಕು.

ಕರಿ ಕೋಟು ಯಾದಗಿರಿ

ನಾನು ವಕೀಲ. ಕಲಬುರಗಿಯಲ್ಲಿ ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿಯಾಗಿ ಬಂತು, 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮುಂಚೆ ನಮ್ಮ ಕಕ್ಷಿದಾರರು ಒಂದು ಸಹಿ ಹಾಕಲಿಕ್ಕೂ ಬೆಂಗಳೂರಿಗೆ ರಾತ್ರಿ ಗಾಡಿ ಹತ್ತಬೇಕಿತ್ತು. ಆ ಪೀಠಕ್ಕಾಗಿ ಈ ಭಾಗದ ವಕೀಲರು, ಜನ ಎಷ್ಟು ವರ್ಷ ಹೋರಾಡಿದರು ಅಂತ ನನಗೆ ಗೊತ್ತು. ಪೀಠ ಹತ್ತಿರ ಬಂತು, ಅಲ್ಲಿಗೆ ಹೋಗುವ ದಾರಿ ಹತ್ತಿರ ಆಗಿಲ್ಲ.

ಯಾದಗಿರಿಯಿಂದ ಕಲಬುರಗಿಗೆ ರೈಲಿನಲ್ಲಿ ಸುಮಾರು 75 ಕಿಲೋಮೀಟರ್. ನಮ್ಮದು ಮುಂಬೈ–ಚೆನ್ನೈ ಮುಖ್ಯ ಮಾರ್ಗ. ಉದ್ಯಾನ್, ಕರ್ನಾಟಕ ಎಕ್ಸ್‌ಪ್ರೆಸ್, ಬಸವ ಎಕ್ಸ್‌ಪ್ರೆಸ್, ಎಲ್ಲ ಹೋಗುತ್ತವೆ. ಹೊರಗಿನವರು ನೋಡಿದರೆ ಇವರಿಗೆ ಏನು ಕಡಿಮೆ ಅನ್ನುತ್ತಾರೆ. ಆದರೆ ಇವೆಲ್ಲ ದೂರದ ಊರಿನಿಂದ ದೂರದ ಊರಿಗೆ ಹೋಗುವ ಗಾಡಿಗಳು. ಮುಂಬೈಯಲ್ಲೋ ದೆಹಲಿಯಲ್ಲೋ ಹೊರಡುವ ಹೊತ್ತು ನೋಡಿ ಅವುಗಳ ವೇಳೆ ಇಟ್ಟಿರುತ್ತಾರೆ. ಯಾದಗಿರಿಗೆ ಬರುವ ಹೊತ್ತು ತಾನಾಗಿ ಬಿದ್ದದ್ದು. ತಡವಾದರೆ ಗಂಟೆಗಟ್ಟಲೆ ತಡ. ಜನರಲ್ ಡಬ್ಬಿ ಮುಂಬೈಯಿಂದಲೇ ತುಂಬಿ ಬಂದಿರುತ್ತದೆ. ನಮ್ಮ ಜಿಲ್ಲೆಯ ಸಾವಿರಾರು ಜನ ದುಡಿಯಲು ಮುಂಬೈ, ಪುಣೆ, ಬೆಂಗಳೂರಿಗೆ ಹೋಗುವುದು ಅದೇ ಡಬ್ಬಿಯಲ್ಲಿ. ಅವರ ನಡುವೆ 75 ಕಿಲೋಮೀಟರಿನ ಪ್ರಯಾಣಿಕ ಹೋಗಿ ನಿಂತರೆ ಅವರಿಗೂ ಕಷ್ಟ, ಇವನಿಗೂ ಕಷ್ಟ.

2024ರ ಮಾರ್ಚ್‌ನಲ್ಲಿ ಕಲಬುರಗಿ–ಬೆಂಗಳೂರು ವಂದೇ ಭಾರತ್ ಬಂತು. ಒಳ್ಳೆಯದೇ. ಆದರೆ ಅದರಲ್ಲಿ ಪಾಸ್ ನಡೆಯುವುದಿಲ್ಲ, ನಾಲವಾರದಂಥ ಸಣ್ಣ ಠೇಸಣದಲ್ಲಿ ಹತ್ತಲು ಆಗುವುದಿಲ್ಲ. ಕೋರ್ಟಿಗೆ ಬರುವ ರೈತನಿಗೆ ಬೇಕಾದ ಗಾಡಿ ಬೇರೆ.

ಒಂದು ಘಟನೆ. ನನ್ನ ಕಕ್ಷಿದಾರರೊಬ್ಬರು, ಎಪ್ಪತ್ತು ದಾಟಿದವರು, ಹೊಲದ ತಕರಾರು. ಕೇಸು ಕೂಗುವ ಹೊತ್ತಿಗೆ ಬರಬೇಕಿತ್ತು. ಹತ್ತಿದ ಗಾಡಿ ದಾರಿಯಲ್ಲಿ ನಿಂತು ನಿಂತು ಬಂತು. ಅವರು ಬಂದಾಗ ಮಧ್ಯಾಹ್ನ. ಕೇಸು ಮುಂದೆ ಹೋಗಿತ್ತು. ಅವರು ನನಗೆ ಏನೂ ಅನ್ನಲಿಲ್ಲ. ಚೀಲದಿಂದ ರೊಟ್ಟಿ ತೆಗೆದು, ನೀವು ಉಂಡಿರಾ ವಕೀಲ್ರೇ ಅಂತ ಕೇಳಿದರು.

ನಿವೃತ್ತ ಗಾರ್ಡ್

ನಾನು ರೈಲ್ವೆಯಲ್ಲಿ 34 ವರ್ಷ ಕೆಲಸ ಮಾಡಿದವನು. ಬೇಡಿಕೆ ನ್ಯಾಯವಾದದ್ದು. ಆದರೆ ಇದು ಏಕೆ ಆಗುತ್ತಿಲ್ಲ ಅನ್ನುವುದು ಗೊತ್ತಿರಬೇಕು, ಇಲ್ಲದಿದ್ದರೆ ಮನವಿ ತಪ್ಪು ಮೇಜಿಗೆ ಹೋಗುತ್ತದೆ.

ಮೊದಲ ತೊಡಕು ಗಡಿ. ಕಲಬುರಗಿ ಇರುವುದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ. ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗ. ಯಾದಗಿರಿ ಬಹುಕಾಲದಿಂದ ಗುಂತಕಲ್ ವಿಭಾಗದ ಕಡೆಗೆ. ಸೊಲ್ಲಾಪುರ ಮಹಾರಾಷ್ಟ್ರ, ಸಿಕಂದರಾಬಾದ್ ತೆಲಂಗಾಣ, ಗುಂತಕಲ್ ಆಂಧ್ರ. ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಈ ಮೂರೂ ಊರು ಸೇರುವುದಿಲ್ಲ. ಒಂದೇ ಕಲ್ಯಾಣ ಕರ್ನಾಟಕದ ಮೂರು ಊರುಗಳ ಗಾಡಿಯ ಹೊತ್ತನ್ನು ಮೂರು ರಾಜ್ಯದ ಕಚೇರಿಗಳು ಕೂತು ಹೊಂದಿಸಬೇಕು. ಪ್ರತಿ ವಿಭಾಗವೂ ತನ್ನ ರೇಕ್ ತನ್ನ ಗಡಿಯೊಳಗೆ ತಿರುಗಲಿ ಅಂತ ನೋಡುತ್ತದೆ. ಅದು ಕೆಟ್ಟತನ ಅಲ್ಲ, ಅವರ ಲೆಕ್ಕಾಚಾರವೇ ಹಾಗೆ. ಕಲಬುರಗಿ ವಿಭಾಗ ಬೇಕು ಅನ್ನುವ ಕೂಗು ಇದರಿಂದಲೇ ಹುಟ್ಟಿದ್ದು. ಮಲ್ಲಿಕಾರ್ಜುನ ಖರ್ಗೆಯವರು ರೈಲ್ವೆ ಸಚಿವರಾಗಿದ್ದಾಗ, 2014ರಲ್ಲಿ, ಅದಕ್ಕೆ ಅಡಿಗಲ್ಲೂ ಬಿತ್ತು. ವಿಭಾಗ ಮಾತ್ರ ಬರಲಿಲ್ಲ.

ಎರಡನೆಯದು ದಾರಿ. ಮುಖ್ಯ ಮಾರ್ಗದಲ್ಲಿ ಶಹಾಬಾದ್, ವಾಡಿ ಕಡೆಯ ಸಿಮೆಂಟ್, ರಾಯಚೂರಿನ ಕಡೆ ಹೋಗುವ ಕಲ್ಲಿದ್ದಲು, ಉದ್ದ ಪ್ರಯಾಣದ ಎಕ್ಸ್‌ಪ್ರೆಸ್. ಇವುಗಳ ನಡುವೆ ಸಣ್ಣ ಗಾಡಿಗೆ ಜಾಗ ಹುಡುಕಬೇಕು. ಹಿಂದೆ ಒಂಟಿ ಹಳಿ ಇದ್ದಾಗ ಪ್ಯಾಸೆಂಜರನ್ನು ಸೈಡಿಗೆ ಹಾಕಿ ಒಂದೊಂದು ಗಂಟೆ ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ. ಬ್ರೇಕ್ ವ್ಯಾನಿನ ಹತ್ತಿರ ಬಂದು ಜನ ಕೇಳುತ್ತಿದ್ದರು, ಸಾಹೇಬ್ರೆ ಯಾವಾಗ ಬಿಡ್ತೀರಿ ಅಂತ. ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಈಗ ಸೊಲ್ಲಾಪುರ–ವಾಡಿ ಜೋಡಿ ಹಳಿ ಆಗಿದೆ, ವಿದ್ಯುತ್ ಬಂದಿದೆ. ಆ ಕಾರಣ ಈಗ ಮೊದಲಿನಷ್ಟು ಗಟ್ಟಿ ಇಲ್ಲ. ಬೀದರ್ ಕಡೆ ಮಾತ್ರ ಒಂಟಿ ಹಳಿ, ಅಲ್ಲಿ ಕ್ರಾಸಿಂಗ್, ಅಂದರೆ ಎದುರು ಗಾಡಿಗೆ ದಾರಿ ಬಿಡುವುದನ್ನು, ನೋಡಬೇಕು.

ಮೂರನೆಯದು ರೇಕ್. ಬೆಳಿಗ್ಗೆ ಗಾಡಿ ಬೇಕು ಅಂದರೆ ಅದು ರಾತ್ರಿ ಎಲ್ಲೋ ನಿಂತಿರಬೇಕು. ಸಿಬ್ಬಂದಿ ಅಲ್ಲಿ ಮಲಗಬೇಕು. ಡಬ್ಬಿ ತೊಳೆಯಬೇಕು, ನೀರು ತುಂಬಿಸಬೇಕು. "ಗಾಡಿ ಕೊಡಿ" ಅಂತ ಬರೆದ ಮನವಿಗೆ "ಪರಿಶೀಲಿಸಲಾಗುವುದು" ಅನ್ನುವ ಉತ್ತರ ಬರುತ್ತದೆ. ಇಂಥ ರೇಕ್ ಇಷ್ಟು ಗಂಟೆಗೆ ಇಲ್ಲಿಂದ ಹೊರಟು, ಇಲ್ಲಿ ನಿಂತು, ಇಲ್ಲಿ ಮಲಗಬಹುದು ಅಂತ ಬರೆದರೆ ಯಾರಾದರೂ ಒಬ್ಬರು ಪೆನ್ಸಿಲ್ ಹಿಡಿದು ನೋಡುತ್ತಾರೆ.

ರಾತ್ರಿ ಕೂತು ಒಂದು ಲೆಕ್ಕ ಹಾಕುತ್ತೇನೆ. ನಾಳೆ ಹಾಕುತ್ತೇನೆ ಇಲ್ಲಿ.

ಸುರಪುರ ಸೀಮೆ

ನಮ್ಮ ಸುರಪುರ, ಶಹಾಪುರಕ್ಕೆ ಇನ್ನೂ ರೈಲೇ ಇಲ್ಲ. ಯಾದಗಿರಿ ಜಿಲ್ಲೆ ಅಂದರೆ ರೈಲು ಇದೆ ಅಂದುಕೊಳ್ಳುತ್ತಾರೆ, ಅದು ಜಿಲ್ಲೆಯ ಒಂದು ಅಂಚಿಗೆ ಮಾತ್ರ. ಗದಗ–ವಾಡಿ ಮಾರ್ಗ, ಸುಮಾರು 252 ಕಿಲೋಮೀಟರ್, ನಮ್ಮ ಮೇಲೆ ಹಾಯ್ದು ವಾಡಿಗೆ ಬರಬೇಕು. ಆ ಕಡೆಯಿಂದ ತಳಕಲ್–ಕುಷ್ಟಗಿ ತುಂಡು 2025ರ ಮೇ 15ರಂದು ಶುರುವಾಯಿತು. ಕುಷ್ಟಗಿಯ ಜನ ಗಾಡಿಗೆ ಹೂವಿನ ಹಾರ ಹಾಕಿದ ಫೋಟೋ ನೋಡಿ ಖುಷಿ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ನಮ್ಮ ಸರದಿ ಯಾವಾಗ?

ನಿಮ್ಮ ಮನವಿಯಲ್ಲಿ ಇದನ್ನೂ ಸೇರಿಸಿ.

ಹುಮನಾಬಾದ್ ಅಪ್‌ಡೌನ್

ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಒಂದೇ ಕಾಗದದಲ್ಲಿ ಎಲ್ಲವನ್ನೂ ಬರೆದರೆ ಯಾವುದೂ ಆಗುವುದಿಲ್ಲ ಅನ್ನುವ ಭಯ ನನಗೆ. ಹೊಸ ಹಳಿಗೆ ಜಮೀನು, ಬಜೆಟ್, ವರ್ಷಗಳು ಬೇಕು. ನಾವು ಕೇಳುತ್ತಿರುವುದು ಇರುವ ಹಳಿ ಮೇಲೆ ಹೊತ್ತು ಬದಲಿಸುವುದು. ಗದಗ–ವಾಡಿಗೆ ಬೇರೆ ಮನವಿ ಬರೆಯೋಣ. ಅದಕ್ಕೆ ನಾನು ಮೊದಲ ಸಹಿ ಹಾಕುತ್ತೇನೆ.

ಸುರಪುರ ಸೀಮೆ

ಆಯಿತು. ಇದಕ್ಕೆ ನನ್ನ ಸಹಿ ಇರಲಿ. ಯಾದಗಿರಿಗೆ ಸರಿಯಾದ ಹೊತ್ತಿನ ಗಾಡಿ ಬಂದರೆ ನಾವು ಸುರಪುರದಿಂದ ಬಸ್ಸಿಗೆ ಬಂದು ಹತ್ತಬಹುದು.

ಕೆಂಪು ಬಾಳೆ

ಕಮಲಾಪುರದ ರೈತ ನಾನು. ನಮ್ಮ ಕೆಂಪು ಬಾಳೆಹಣ್ಣು ಎಲ್ಲರಿಗೂ ಗೊತ್ತು. ಎರಡು ಗೊನೆ ಹಿಡಿದುಕೊಂಡು ಕಲಬುರಗಿಗೆ ಹೋಗುವ ಸಣ್ಣ ರೈತನಿಗೆ ಟೆಂಪೋ ಬಾಡಿಗೆ ಗಿಟ್ಟುವುದಿಲ್ಲ. ಬಸ್ಸಿನಲ್ಲಿ ಹಣ್ಣು ಜಜ್ಜಿ ಹೋಗುತ್ತದೆ. ರೈಲಿನ ಬಾಗಿಲ ಹತ್ತಿರ ಇಟ್ಟುಕೊಂಡರೆ ಚೆನ್ನಾಗಿ ಹೋಗುತ್ತದೆ. ಆದರೆ ಮಾರ್ಕೆಟ್ಟು ಮುಂಜಾನೆ. ಗಾಡಿ 9 ಗಂಟೆ ಒಳಗೆ ಮುಟ್ಟಿದರೆ ನಮಗೂ ಅನುಕೂಲ. ಹೆಚ್ಚು ಬರೆಯಲು ಬರುವುದಿಲ್ಲ.

ಹಾಸ್ಟೆಲ್ ಬೇಡ

ನಾನು ಡಿಗ್ರಿ ಓದುತ್ತಿದ್ದೇನೆ, ಶಹಾಬಾದ್ ಹತ್ತಿರದವಳು. ಮನೆಯಿಂದ ಕಲಬುರಗಿಗೆ ಅರ್ಧ ಗಂಟೆ ಚಿಲ್ಲರೆ ರೈಲು. ಆದರೂ ಮೊದಲ ವರ್ಷ ರೂಮ್ ಮಾಡಿಕೊಂಡು ಇದ್ದೆ. ಸಂಜೆ ಕ್ಲಾಸ್ ಮುಗಿದ ಮೇಲೆ ಮನೆಗೆ ಹೋಗುವುದು ನಂಬಿಕೆ ಇಲ್ಲ ಅಂತ ಅಪ್ಪ ಬಿಡಲಿಲ್ಲ. ರೂಮಿನ ಬಾಡಿಗೆ ಕಟ್ಟಲು ಅವರು ಕಲ್ಲಿನ ಗಣಿಯಲ್ಲಿ ರವಿವಾರವೂ ದುಡಿದರು. ಎರಡನೇ ವರ್ಷ ಬಾಡಿಗೆ ಆಗಲಿಲ್ಲ. ನನ್ನ ಜೊತೆಯ ಇಬ್ಬರು ಹುಡುಗಿಯರು ಕಾಲೇಜೇ ಬಿಟ್ಟರು. ಓದಿನಲ್ಲಿ ನನಗಿಂತ ಮುಂದೆ ಇದ್ದವರು.

ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿ ಇದೆ, ಸೀಟಿನಲ್ಲಿ ಮೀಸಲಾತಿ ಇದೆ, ನೌಕರಿಯಲ್ಲಿ ಇದೆ. ಅದಕ್ಕಾಗಿ ಹೋರಾಡಿದ ಹಿರಿಯರಿಗೆ ಕೈ ಮುಗಿಯುತ್ತೇನೆ. ಆದರೆ ಆ ಸೀಟಿನವರೆಗೆ ದಿನಾ ಹೋಗಿ ಬರಲು ಆಗಬೇಕಲ್ಲ. ಸಂಜೆ ಗಾಡಿ ಒಂದು ಇದ್ದಿದ್ದರೆ ಆ ಇಬ್ಬರೂ ಇವತ್ತು ನನ್ನ ಪಕ್ಕದಲ್ಲಿ ಕೂತಿರುತ್ತಿದ್ದರು.

ಕೋಟೆ ಬೀದರ್

ನನ್ನ ಮೊದಲ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ನಾನು ಬೀದರ್ ಪೇಟೆಯಲ್ಲಿ ಕೂತು ಲೆಕ್ಕ ಹಾಕಿದೆ, ನಡುವಿನ ಊರುಗಳನ್ನು ನೋಡಲಿಲ್ಲ. ನನ್ನ ಹೆಸರೂ ಸೇರಿಸಿ. ಗಾರ್ಡ್ ಸಾಹೇಬರ ಲೆಕ್ಕಕ್ಕೆ ಕಾಯುತ್ತಿದ್ದೇನೆ.

ನಿವೃತ್ತ ಗಾರ್ಡ್

ಲೆಕ್ಕ ಆಯಿತು. ನಿಧಾನವಾಗಿ ಓದಿ, ತಪ್ಪಿದ್ದರೆ ಹೇಳಿ.

ಒಂದೇ ರೇಕ್ ಸಾಲುವುದಿಲ್ಲ. ಬೀದರ್‌ನಿಂದ ಹೊರಟ ಗಾಡಿ ಕಲಬುರಗಿ ದಾಟಿ ಯಾದಗಿರಿ ಮುಟ್ಟುವಷ್ಟರಲ್ಲಿ 11 ಗಂಟೆ. ಯಾದಗಿರಿಯಿಂದ ಕಲಬುರಗಿಗೆ ಬೆಳಿಗ್ಗೆ ಬರಬೇಕಾದವರಿಗೆ ಅದರಿಂದ ಏನೂ ಉಪಯೋಗ ಇಲ್ಲ. ಅದಕ್ಕೆ ಎರಡು ರೇಕ್. ಒಂದು ಬೀದರ್‌ನಲ್ಲಿ ಮಲಗಬೇಕು, ಇನ್ನೊಂದು ಯಾದಗಿರಿಯಲ್ಲಿ.

ಬೀದರ್ ರೇಕ್ ಮುಂಜಾನೆ 6:30ಕ್ಕೆ ಹೊರಡಲಿ. ಎಲ್ಲ ಕಡೆ ನಿಂತರೂ ಗಂಟೆಗೆ ಸರಾಸರಿ 40 ಕಿಲೋಮೀಟರ್ ಹಿಡಿದರೆ 110 ಕಿಲೋಮೀಟರಿಗೆ ಎರಡೂಮುಕ್ಕಾಲು ಗಂಟೆ. ಕಲಬುರಗಿ 9:15. ಯಾದಗಿರಿ ರೇಕ್ 7:45ಕ್ಕೆ ಹೊರಡಲಿ. ಮುಖ್ಯ ಮಾರ್ಗದಲ್ಲಿ ವೇಗ ಜಾಸ್ತಿ, ಒಂದೂವರೆ ಗಂಟೆಯಲ್ಲಿ ಅದೂ ಕಲಬುರಗಿ 9:15. ಎರಡೂ ಕಡೆಯ ಜನ ಇಳಿದ ಮೇಲೆ 9:40ಕ್ಕೆ ಗಾಡಿಗಳು ಮುಂದಕ್ಕೆ ಹೋಗಲಿ. ಬೀದರ್‌ನದು ಯಾದಗಿರಿಗೆ, 11:10ಕ್ಕೆ ಮುಟ್ಟುತ್ತದೆ. ಯಾದಗಿರಿಯದು ಬೀದರ್‌ಗೆ, 12:25.

ಸಂಜೆ ಇದರ ಉಲ್ಟಾ. ಬೀದರ್‌ನಿಂದ 2:55ಕ್ಕೆ ಒಂದು, ಯಾದಗಿರಿಯಿಂದ 4:10ಕ್ಕೆ ಒಂದು. ಎರಡೂ 5:40ಕ್ಕೆ ಕಲಬುರಗಿ. ಮತ್ತೆ 6:00ಕ್ಕೆ ಎರಡೂ ಹೊರಟು, ಒಂದು 7:30ಕ್ಕೆ ಯಾದಗಿರಿ, ಒಂದು 8:45ಕ್ಕೆ ಬೀದರ್. ಎರಡೂ ತಮ್ಮ ತಮ್ಮ ಮನೆಯಲ್ಲೇ ಮಲಗಿದ ಹಾಗಾಯಿತು.

ಇದರಲ್ಲಿ ನನಗೆ ಖುಷಿ ಕೊಟ್ಟ ಒಂದು ವಿಷಯ ಇದೆ. ಬೀದರ್ ಕಡೆಯ ಒಂಟಿ ಹಳಿಯಲ್ಲಿ ಈ ಎರಡು ಗಾಡಿಗಳು ಎದುರುಬದುರು ಬರುವುದೇ ಇಲ್ಲ. ಒಂದು ಕಲಬುರಗಿಗೆ ಬಂದು ನಿಂತ ಮೇಲೆ ಇನ್ನೊಂದು ಹೊರಡುತ್ತದೆ. ಬೆಳಿಗ್ಗೆಯೂ ಹಾಗೇ, ಸಂಜೆಯೂ ಹಾಗೇ. ಬೇರೆ ಗಾಡಿಗಳ ಕ್ರಾಸಿಂಗ್ ಮಾತ್ರ ನೋಡಿದರೆ ಸಾಕು. ಮಧ್ಯಾಹ್ನ ಯಾದಗಿರಿಯಲ್ಲಿ 5 ಗಂಟೆ, ಬೀದರ್‌ನಲ್ಲಿ ಎರಡೂವರೆ ಗಂಟೆ ಗಾಡಿ ಖಾಲಿ ನಿಲ್ಲುತ್ತದೆ, ತೊಳೆದು ನೀರು ತುಂಬಿಸಲು ಸಮಯ ಸಿಗುತ್ತದೆ. ರವಿವಾರ ಓಡದಿದ್ದರೂ ನಡೆಯುತ್ತದೆ, ಅವತ್ತು ದೊಡ್ಡ ರಿಪೇರಿ ಮಾಡಿಕೊಳ್ಳಲಿ. ಡೀಸೆಲ್‌ನಲ್ಲಿ ಓಡುವ ಡೆಮು ಅಥವಾ ವಿದ್ಯುತ್ತಿನಲ್ಲಿ ಓಡುವ ಮೆಮು ಗಾಡಿ ಕೇಳಿ. ಎರಡೂ ತುದಿಯಲ್ಲಿ ಚಾಲಕನ ಕ್ಯಾಬಿನ್ ಇರುವುದರಿಂದ ಎಂಜಿನ್ ತಿರುಗಿಸುವ ಕೆಲಸ ಇಲ್ಲ.

ಪಾಸ್ ವಿಷಯ. ತಿಂಗಳ ಪಾಸ್ 150 ಕಿಲೋಮೀಟರ್‌ವರೆಗೆ ಮಾತ್ರ. ಬೀದರ್–ಕಲಬುರಗಿ, ಯಾದಗಿರಿ–ಕಲಬುರಗಿ ಎರಡೂ ಅದರೊಳಗೆ ಬರುತ್ತವೆ. ಬೀದರ್–ಯಾದಗಿರಿ ಬರುವುದಿಲ್ಲ. ಆದರೆ ದಿನಾ ಅಷ್ಟು ದೂರ ಹೋಗುವವರು ಕಡಿಮೆ.

ಮನವಿ ಮೂರು ಕಡೆಗೆ ಹೋಗಬೇಕು. ಮೂರೂ ವಿಭಾಗದ ಪ್ರಯಾಣಿಕರ ಸಲಹಾ ಸಮಿತಿಗೆ, ವಲಯದ ಸಮಿತಿಗೆ, ಮೂರೂ ಜಿಲ್ಲೆಗೆ ಸೇರಿದ ಸಂಸದರಿಗೆ. ಒಂದೇ ದಿನ, ಒಂದೇ ಮಾತು. ಒಬ್ಬರಿಗೆ ಒಂದು ಹೊತ್ತು, ಇನ್ನೊಬ್ಬರಿಗೆ ಇನ್ನೊಂದು ಹೊತ್ತು ಬರೆದರೆ ಅಲ್ಲೇ ಕೆಲಸ ಕೆಡುತ್ತದೆ.

ಕರಿ ಕೋಟು ಯಾದಗಿರಿ

ಸಾಹೇಬ್ರೆ, ಓದಿ ಎದೆ ತುಂಬಿತು. 9:15ಕ್ಕೆ ಇಳಿದರೆ ಕಕ್ಷಿದಾರರ ಜೊತೆ ಕೂತು ಮಾತಾಡಿ ಕೋರ್ಟಿಗೆ ಹೋಗಬಹುದು. ಕರಡು ನಾನು ಬರೆಯುತ್ತೇನೆ, ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು.

ಹಳಿ ಪಕ್ಕದ ಮನೆ

7:45ಕ್ಕೆ ಯಾದಗಿರಿ ಬಿಟ್ಟರೆ ನಮ್ಮ ಠೇಸಣಕ್ಕೆ 8 ಗಂಟೆ ಸುಮಾರು. ಅವ್ವನಿಗೆ ಓದಿ ಹೇಳಿದೆ. ಬುಟ್ಟಿ ಎಲ್ಲಿಟ್ಟಿದ್ದೀಯ ನೋಡು ಅಂದಳು.

ಹಾಸ್ಟೆಲ್ ಬೇಡ

ಸಂಜೆ 6:00ಕ್ಕೆ ಅಂದರೆ ನಮಗೆ ಕಷ್ಟ ಆಗುತ್ತದೆ. ಪ್ರಾಕ್ಟಿಕಲ್ ಇರುವ ದಿನ 5:30ಕ್ಕೆ ಬಿಡುತ್ತಾರೆ. ಕಾಲೇಜಿನಿಂದ ಠೇಸಣಕ್ಕೆ ಆಟೋ ಸಿಕ್ಕಿದರೂ ಸಂಜೆ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ. ಹತ್ತು ನಿಮಿಷ ಮುಂದೆ ಹಾಕಲು ಆಗುತ್ತದಾ?

ಹುಮನಾಬಾದ್ ಅಪ್‌ಡೌನ್

ನನಗೂ ಅದೇ ತೊಂದರೆ. ಆಫೀಸು ಬಿಡುವುದು 5:30. ಗಾರ್ಡ್ ಸಾಹೇಬರೆ, 6:15 ಮಾಡಿದರೆ ಲೆಕ್ಕ ಕೆಡುತ್ತದಾ?

ನಿವೃತ್ತ ಗಾರ್ಡ್

ಕೆಡುವುದಿಲ್ಲ. ಬೀದರ್‌ಗೆ 9:00 ಆಗುತ್ತದೆ, ಯಾದಗಿರಿಗೆ 7:45. ರಾತ್ರಿ ಸಿಬ್ಬಂದಿಯ ವಿಶ್ರಾಂತಿಗೂ ಸಾಕಷ್ಟು ಗಂಟೆ ಉಳಿಯುತ್ತದೆ. ವಕೀಲರೆ, ಕರಡಿನಲ್ಲಿ 6:15 ಅಂತ ಬರೆದುಕೊಳ್ಳಿ. ಶೌಚಾಲಯದ ಸಾಲು ಮರೆಯಬೇಡಿ.

ಕರಿ ಕೋಟು ಯಾದಗಿರಿ

ಬರೆದುಕೊಂಡೆ. ಸೋಮವಾರ ಮುಂಜಾನೆ ಕಲಬುರಗಿ ಠೇಸಣದ ಮುಂದೆ ಪ್ರತಿಗಳನ್ನು ತರುತ್ತೇನೆ. ಬೀದರ್ ಕಡೆ ಸಹಿ ಹಾಕಿಸುವವರು ಯಾರು?

ಕೋಟೆ ಬೀದರ್

ನಾನು. ನೂರು ಹಾಳೆ ಕಳಿಸಿ.